ಮಾಸ್ಟ್ ತುದಿಗೆ ಯಾವ ಆಂಟೆನಾ ಇರಲಿ?

ಸುರತ್ಕಲ್‌ನಲ್ಲಿ ತಾರಸಿ ಮೇಲೆ ಹ್ಯಾಮ್ ರೇಡಿಯೊಗೆ 20 ಅಡಿ ಪೈಪ್ (ಮಾಸ್ಟ್) ನಿಲ್ಲಿಸಿ ಎಚ್‌ಎಫ್ ಯಾಗಿ (ದೂರದ ಸಂಪರ್ಕಕ್ಕೆ ಬಳಸುವ, ಅಡ್ಡ ಕಡ್ಡಿಗಳ ದೊಡ್ಡ ಆಂಟೆನಾ), 2 ಮೀಟರ್ ಯಾಗಿ (2 ಮೀಟರ್ ತರಂಗಾಂತರದ ಚಿಕ್ಕ ಆಂಟೆನಾ) ಎರಡನ್ನೂ ಹಾಕಬೇಕು, ಯಾವುದು ಮೇಲಿರಲಿ ಅಂತ ಕೇಳಿದ್ದೀರಿ. ಎರಡೂ ಸೇರಿ 10 ಕೆಜಿ ಇಲ್ಲ, ಒಂದಿಂಚಿನ ಜಿಐ ಪೈಪ್ ಸಾಕಲ್ವಾ ಅಂತಲೂ ಕೇಳಿದ್ದೀರಿ. ಸಾಲದು. ದಯವಿಟ್ಟು ಹಾಕಬೇಡಿ.

ನಾನು ಉಡುಪಿ ಕಡೆಯವನು. ಮೊದಲ ಸಲ ನಾನೂ ತೂಕ ನೋಡಿ ಒಂದಿಂಚಿನದೇ ತಂದೆ. ದೊಡ್ಡ ಆಂಟೆನಾವನ್ನು ಮೇಲಿನ ಕ್ಲಾಂಪ್‌ನಿಂದ ಆರಡಿ ಎತ್ತರಕ್ಕೆ ಕಟ್ಟಿದೆ. ಜೂನ್‌ನ ಒಂದು ರಾತ್ರಿ ಜೋರು ಗಾಳಿ ಬೀಸಿತು. ಬೆಳಿಗ್ಗೆ ನೋಡಿದರೆ ಕ್ಲಾಂಪ್ ಅಲ್ಲಾಡಿರಲಿಲ್ಲ, ಬೋಲ್ಟ್ ಸಡಿಲಾಗಿರಲಿಲ್ಲ. ಕ್ಲಾಂಪಿನ ಬಾಯಿಯಲ್ಲೇ ಪೈಪ್ ಪಪ್ಪಾಯಿ ದಂಟಿನ ಹಾಗೆ ಚಪ್ಪಟೆಯಾಗಿ ಮಡಚಿಕೊಂಡಿತ್ತು.

ಲೆಕ್ಕ ಸುಲಭ. ಗಾಳಿಯ ವೇಗ ಎರಡು ಪಟ್ಟಾದರೆ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಕಟ್ಟಡಗಳ ಮೇಲಿನ ಗಾಳಿ ಹೊರೆಗಿರುವ ಭಾರತೀಯ ಮಾನದಂಡ ಐಎಸ್ 875ರ 3ನೇ ಭಾಗ ಮಂಗಳೂರಿಗೆ ಕೊಟ್ಟಿರುವ ಗಾಳಿ ವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಮೀ. ಬೆಂಗಳೂರಿಗೆ 33 ಅಷ್ಟೇ. 39 ಮೀಟರ್ ವೇಗದಲ್ಲಿ ಚದರ ಮೀಟರಿಗೆ ಸುಮಾರು 93 ಕೆಜಿ ಒತ್ತಡ ಬೀಳುತ್ತದೆ. ಆಂಟೆನಾ 0.3 ಚದರ ಮೀಟರ್ ಗಾಳಿ ಹಿಡಿದರೂ ಅಡ್ಡಕ್ಕೆ 28 ಕೆಜಿ ಎಳೆತ. ಅದು ಮೇಲಿನ ಆಧಾರದಿಂದ (ಪೈಪನ್ನು ಹಿಡಿದಿರುವ ಮೇಲಿನ ಕ್ಲಾಂಪ್‌ನಿಂದ) ಅರ್ಧ ಮೀಟರ್ ಎತ್ತರದಲ್ಲಿದ್ದರೆ ಪೈಪನ್ನು ಬಗ್ಗಿಸುವ ಬಲ 14 ಕೆಜಿ-ಮೀಟರ್. ಎರಡು ಮೀಟರ್ ಎತ್ತರದಲ್ಲಿದ್ದರೆ 56! ಆಂಟೆನಾ ಅದೇ, ಗಾಳಿಯೂ ಅದೇ.

ಹಾಗಾಗಿ ಎಚ್‌ಎಫ್ ಯಾಗಿ ಕೆಳಗೆ, ಮೇಲಿನ ಆಧಾರಕ್ಕೆ ಆದಷ್ಟು ಹತ್ತಿರ ಇರಲಿ. ತುದಿಗೆ ಪುಟ್ಟ 2 ಮೀಟರ್ ಯಾಗಿ. ಪೈಪ್ ಒಂದೂವರೆ ಇಂಚಿನದು, ಬಿ ಕ್ಲಾಸ್ (ಮಧ್ಯಮ ದಪ್ಪದ ಗೋಡೆಯದು) ತಗೊಳ್ಳಿ. ಗೋಡೆಯ ದಪ್ಪ ಅಷ್ಟೇ ಇದ್ದರೂ ಬಗ್ಗದೆ ತಡೆಯುವ ಶಕ್ತಿ ಒಂದಿಂಚಿನದಕ್ಕಿಂತ ಎರಡು ಪಟ್ಟಿಗೂ ಜಾಸ್ತಿ.

ಪ್ಯಾರಾಪೆಟ್ ಇಟ್ಟಿಗೆಗೆ ಕ್ಲಾಂಪ್ ಹೊಡೆಯಲೇಬೇಡಿ. ಮೆಟ್ಟಿಲು ಕೋಣೆಯ ಕಾಂಕ್ರೀಟ್ ಕಂಬ ಸಿಕ್ಕರೆ ಒಳ್ಳೆಯದು. ಎರಡು ಕ್ಲಾಂಪ್ ನಡುವೆ ಮೂರಡಿಯಾದರೂ ಅಂತರ ಬೇಕು. ಎಚ್‌ಎಫ್ ಆಂಟೆನಾದ ಸ್ವಲ್ಪ ಕೆಳಗೆ ಮೂರು ದಿಕ್ಕಿಗೆ ಗೈ ವೈರ್ (ಪೈಪ್ ವಾಲದಂತೆ ಬಿಗಿದು ಕಟ್ಟುವ ತಂತಿ) ಎಳೆದರೆ ಅಲ್ಲೇ ನಿಮ್ಮ ಮೇಲಿನ ಆಧಾರ. ಆಂಟೆನಾ ತಿರುಗುವಾಗ ವೈರ್ ತಾಗಬಾರದು, ನೋಡಿಕೊಳ್ಳಿ. ಉಪ್ಪುಗಾಳಿಗೆ ಮಾಮೂಲಿ ಯು-ಬೋಲ್ಟ್ ಬೇಗ ತುಕ್ಕು ಹಿಡಿಯುತ್ತದೆ, ಸ್ಟೇನ್‌ಲೆಸ್‌ಗೇ ದುಡ್ಡು ಹಾಕಿ.

ಇನ್ನೊಂದು ಮಾತು. ಪೈಪ್ ಎತ್ತುವ ಮೊದಲು ಸುತ್ತಲಿನ ಕರೆಂಟ್ ತಂತಿ ನೋಡಿ. ಮಾಸ್ಟ್ ಯಾವ ಕಡೆ ಬಿದ್ದರೂ ಅದಕ್ಕೆ ತಾಗಬಾರದು. ತಾಗುವ ಹಾಗಿದ್ದರೆ ಜಾಗ ಬದಲಿಸಿ.