ಅಟ್ಟದ ಬಾಗಿಲು ತೆಗೀರಿ, ಟಿವಿ ವಿಷಯ ಆಮೇಲೆ

ಕೆನಡಾದಲ್ಲಿ ಟೊರೊಂಟೊ ಪಕ್ಕದ ಬ್ರಾಂಪ್ಟನ್‌ನಿಂದ ಬಂದ ಪತ್ರ ಇದು. ಎರಡು ಸಲ ಓದಿದೆ. ಮೊದಲನೇ ಸಲ ನಗು ಬಂತು, ಎರಡನೇ ಸಲ ಓದೋವಾಗ ಕೈಯಲ್ಲಿದ್ದ ಕಾಫಿ ಆರಿಹೋಗಿದ್ದೂ ಗೊತ್ತಾಗಲಿಲ್ಲ, ಅದಕ್ಕೇ ಸರದಿಯಲ್ಲಿ ಕಾಯ್ತಿರೋ ಉಳಿದೋರು ಬೇಜಾರು ಮಾಡ್ಕೋಬೇಡಿ, ಈ ವಾರ ಇದೊಂದೇ.

ವಿಷಯ ಇಷ್ಟು. ಬರೆದೋರು ಹಾಸನದ ಕಡೆಯವರು, ಮದುವೆಯಾಗಿ ಹನ್ನೊಂದು ವರ್ಷ, ಎಂಟು ವರ್ಷದ ಮಗಳು. ಯಜಮಾನ್ರಿಗೆ ಒಂದು ಅಭ್ಯಾಸ, ಪ್ರತಿ ಡಿಸೆಂಬರ್ 24ರ ರಾತ್ರಿ ಬೇಸ್‌ಮೆಂಟಲ್ಲಿ ಟಿವಿ ಮುಂದೆ ಕೂತು ಕ್ರಿಸ್‌ಮಸ್ ಹಾರರ್ ಸಿನಿಮಾ ನೋಡೋದು, ಸಾಂಟಾ ವೇಷದವನು ಕೊಡಲಿ ಹಿಡ್ಕೊಂಡು ಬರೋದು, ದೀಪದ ಸರ ಹಾಕಿರೋ ಮನೇಲಿ ಹೆಣ ಬೀಳೋದು, ಆ ಥರದ್ದು, ರಾತ್ರಿ ಎರಡೂವರೆ ಮೂರರ ತನಕ. ಇಷ್ಟು ವರ್ಷ ಇವರು ಮೂಗು ಮುರ್ಕೊಂಡು ಮೇಲೆ ಹೋಗಿ ಮಲಗಿಬಿಡ್ತಿದ್ರು. ಹೋದ ನವೆಂಬರಲ್ಲಿ ಅತ್ತೆ ಸೂಪರ್ ವೀಸಾ ಮೇಲೆ, ಅಂದ್ರೆ ಅಲ್ಲಿರೋರ ಅಪ್ಪ ಅಮ್ಮಂದಿರಿಗೆ ಕೊಡೋ ವೀಸಾ ಮೇಲೆ, ಬಂದ್ರು. 24ರ ರಾತ್ರಿ ಕೆಳಗಿಂದ ಕಿರುಚಾಟ ಕೇಳಿ ಎದ್ದು ಕೂತ್ರು, ಬೆಳಿಗ್ಗೆ ‘ಯಾರ ದೇವರ ಹಬ್ಬ ಆದ್ರೇನು, ಹಬ್ಬ ಹಬ್ಬಾನೇ, ಅವತ್ತು ಮನೇಲಿ ರಕ್ತ ಹೆಣ ಅಂತ ನೋಡ್ಕೊಂಡು ಕೂತ್ಕೋತಾರಾ’ ಅಂದ್ರು. ಬೇಸ್‌ಮೆಂಟಿಗೆ ಇಳಿಯೋವಾಗ ಮೆಟ್ಟಿಲ ಮೇಲೆ ಬಿದ್ದಿದ್ದ ಮೊಮ್ಮಗಳ ಮೊಲದ ಗೊಂಬೆ ಕಾಲಿಗೆ ಸಿಕ್ಕಿ ಮುಗ್ಗರಿಸಿದ್ರಂತೆ, ಅದೂ ಅಪಶಕುನದ ಲೆಕ್ಕಕ್ಕೆ ಸೇರ್ತು. ಸುದ್ದಿ ಬೆಂಗಳೂರಲ್ಲಿರೋ ನಾದಿನಿಗೆ ಮುಟ್ತು, ಅವರು ದಿನಾ ವಿಡಿಯೋ ಕಾಲಲ್ಲಿ ಪಂಚಾಯ್ತಿ ಶುರು ಮಾಡಿದ್ರು. ಈಗ ಜನವರಿ ಮುಗೀತಾ ಬಂತು, ಗಂಡ ಹೆಂಡತಿ ಮಧ್ಯೆ ಮಾತು ಅಂದ್ರೆ ಹಾಲು ತಂದ್ರಾ, ಕಸ ಹೊರಗಿಟ್ರಾ, ಅಷ್ಟೇ. ಪತ್ರದ ಕೊನೇ ಸಾಲು: ‘ಈ ದರಿದ್ರ ಚಟ ಬಿಡಿಸೋದು ಹೇಗೆ ಹೇಳಿ.’

ಚಟದ ವಿಷಯಕ್ಕೆ ಬರ್ತೀನಿ ತಾಯಿ, ತಡೀರಿ. ಪತ್ರದ ನಡುವೆ ಇನ್ನೊಂದು ಸಾಲಿದೆ, ನಾದಿನಿ ಮೇಲಿನ ಸಿಟ್ಟು ಹೇಳ್ಕೊಂಡು ಹೋಗೋ ಭರದಲ್ಲಿ ನಿಮ್ಮ ಕೈಯಿಂದ ಹಾಗೇ ಉದುರಿದ್ದು. ‘ಮಗಳು ಫೋನ್ ರಿಂಗಾದ್ರೆ ಎದ್ದು ಓಡ್ತಾಳೆ, ಸೋದರತ್ತೆ ಹತ್ರ ಮಾತಾಡಲ್ಲ, ಅಟ್ಟದ ಬಾಗಿಲಿಗೆ ಬೀಗ ಹಾಕ್ಸಿ ಅಂತ ಒಂದೇ ಹಠ, ಇದನ್ನ ನೋಡಿ ನಾದಿನಿ ಫಾರಿನ್ ಮಕ್ಕಳಿಗೆ ಸೊಕ್ಕು ಅಂತಾರೆ.’ ಎರಡು ಪ್ಯಾರಾ ಆದ್ಮೇಲೆ, ಅದೂ ಖುಷಿಯಿಂದ, ‘ಒಂದೇ ಸಮಾಧಾನ ಅಂದ್ರೆ ಅಜ್ಜಿನ ಹಚ್ಕೊಂಡಿದಾಳೆ, ಮೇಲಿನ ತನ್ನ ರೂಮ್ ಬಿಟ್ಟು ಈಗ ಕೆಳಗೆ ಅಜ್ಜಿ ಜೊತೆನೇ ಮಲಗೋದು.’ ಮತ್ತೆ ಗಂಡನ್ನ ಹಂಗಿಸೋವಾಗ, ‘ಈ ಸಲ ಹಾಕಿದ್ದು ಯಾವುದೋ 1974ರ ಹಳೇ ಸಿನಿಮಾ, ಟೊರೊಂಟೊದಲ್ಲೇ ತೆಗೆದಿದ್ದಂತೆ, ಇವರಿಗೆ ಅದೇ ಹೆಮ್ಮೆ.’

ಆ ಸಿನಿಮಾ ನಂಗೊತ್ತು. ಬಾಬ್ ಕ್ಲಾರ್ಕ್ ಅನ್ನೋರು ಮಾಡಿದ ‘ಬ್ಲ್ಯಾಕ್ ಕ್ರಿಸ್‌ಮಸ್’. ಕ್ರಿಸ್‌ಮಸ್ ರಜೆ ಶುರುವಾಗೋ ಹೊತ್ತು, ಕಾಲೇಜು ಹುಡುಗಿಯರು ಒಟ್ಟಿಗೆ ಇರೋ ಒಂದು ಮನೆ, ಒಬ್ಬ ಗೋಡೆ ಹತ್ಕೊಂಡು ಬಂದು ಅಟ್ಟ ಸೇರ್ಕೋತಾನೆ, ಆಮೇಲೆ ಫೋನ್ ರಿಂಗಾಗೋಕೆ ಶುರು. ಎತ್ತಿದ್ರೆ ಅಸಹ್ಯ ಮಾತು, ಅಳು, ಕಿರುಚಾಟ, ಒಬ್ಬನೇ ಹತ್ತು ದನಿ ತೆಗೀತಾನೆ. ಪೊಲೀಸರು ಲೈನ್ ಹಿಡಿದು ನೋಡಿದ್ರೆ ಕಾಲ್ ಬರ್ತಿರೋದು ಅದೇ ಮನೆ ಒಳಗಿಂದ. ಐವತ್ತು ವರ್ಷದ ಹಿಂದಿನ ಸಿನಿಮಾ, ಕಥೆ ಹೇಳ್ಬಿಟ್ಟೆ ಅಂತ ಯಾರೂ ಬೈಬೇಡಿ.

ಈಗ ಹೇಳಿ, ನಿಮ್ಮ ಮಗಳು ಫೋನ್ ರಿಂಗಾದ್ರೆ ಯಾಕೆ ಓಡ್ತಾಳೆ? ಬೀಗ ಅಟ್ಟಕ್ಕೇ ಯಾಕೆ, ಮುಂಬಾಗಿಲಿಗೆ ಯಾಕಲ್ಲ? ಮೊಲದ ಗೊಂಬೆ ಬೇಸ್‌ಮೆಂಟ್ ಮೆಟ್ಟಿಲಿಗೆ ತಾನೇ ನಡ್ಕೊಂಡು ಬಂತಾ?

ಮಗು ಅವತ್ತು ರಾತ್ರಿ ಮೆಟ್ಟಿಲ ಮೇಲೆ ಕೂತಿತ್ತು ತಾಯಿ. ಕತ್ತಲಲ್ಲಿ, ಗೊಂಬೆ ತಬ್ಕೊಂಡು, ಒಂದೇ. ಎಷ್ಟು ಹೊತ್ತು ಅಂತ ನಂಗೊತ್ತಿಲ್ಲ ಆದ್ರೆ ಅಟ್ಟದ ವಿಷಯ ಗೊತ್ತಾಗೋಷ್ಟು ಹೊತ್ತು ಕೂತಿದೆ. ಕೆಳಗೆ ಅಪ್ಪ ಟಿವಿ ಕಡೆ ಮುಖ ಮಾಡಿ ಕೂತಿದಾನೆ, ಮೇಲೆ ಅಮ್ಮ ನಿದ್ದೆ, ಪಕ್ಕದ ರೂಮಲ್ಲಿ ಅಜ್ಜಿ ಅಪಶಕುನ ಎಣಿಸ್ತಾ ಇದಾರೆ. ಒಂದು ತಿಂಗಳಿಂದ ನಿಮ್ಮನೇಲಿ ಜಗಳ ನಡೀತಿರೋದು ಹಬ್ಬದ ಬಗ್ಗೆ, ಶಾಸ್ತ್ರದ ಬಗ್ಗೆ, ಯಾರ ಮಾತು ನಡೀಬೇಕು ಅನ್ನೋದ್ರ ಬಗ್ಗೆ, ಮಗು ಮಾತ್ರ ದಿನಾ ಒಂದೇ ಮಾತು ಹೇಳ್ತಾ ಇದೆ, ಬೀಗ ಹಾಕ್ಸಿ, ಬೀಗ ಹಾಕ್ಸಿ. ಆ ಸಿನಿಮಾದಲ್ಲೂ ಪೊಲೀಸರು ಪಾರ್ಕೆಲ್ಲಾ ಜಾಲಾಡ್ತಾರೆ, ಅಟ್ಟ ಮಾತ್ರ ಅವರು ಹತ್ತಿ ನೋಡಲ್ಲ.

ಇನ್ನು ನಾದಿನಿ. ಈ ಅಂಕಣ ಓದೋರಿಗೆ ನನ್ನ ಹಳೇ ಸಿಟ್ಟು ಗೊತ್ತು, ವಿಡಿಯೋ ಕಾಲಲ್ಲಿ ಸಂಸಾರ ನಡೆಸೋರನ್ನ ಕಂಡ್ರೆ ನಂಗಾಗಲ್ಲ. ಬೆಂಗಳೂರಲ್ಲಿ ಬೆಳಿಗ್ಗೆ ಏಳು ಗಂಟೆ, ಆಯಮ್ಮನ ಕೈಯಲ್ಲಿ ಬಿಸಿ ಕಾಫಿ, ಹೊಸ ಹುಮ್ಮಸ್ಸು. ಬ್ರಾಂಪ್ಟನಲ್ಲಿ ಚಳಿಗಾಲದ ಲೆಕ್ಕದಲ್ಲಿ ಆಗ ಹಿಂದಿನ ರಾತ್ರಿ ಎಂಟೂವರೆ, ಮಗು ಮಲಗೋ ಹೊತ್ತು. ಸರಿಯಾಗಿ ಅದೇ ಹೊತ್ತಿಗೆ ದಿನಾ ಫೋನ್ ರಿಂಗು! ಹೆದರಿರೋ ಮಗೂನ ದಿನಾ ಹೆದರಿಸಿ, ಅದು ಓಡಿದ್ರೆ ಸೊಕ್ಕು ಅಂತ ಹೆಸರಿಟ್ರು. ಗೊತ್ತಿಲ್ದೆ ಮಾಡಿದ್ದು ಅಂತೀರಾ, ಇರಬಹುದು, ಆದ್ರೂ ನಂಗೆ ಕರುಣೆ ಬರಲ್ಲ. ಅತ್ತೆಗೇ ಹೇಳಿ, ಮಗಳ ಹತ್ರ ಮಾತಾಡೋದಿದ್ರೆ ಮಧ್ಯಾಹ್ನ ಮಗು ಸ್ಕೂಲಲ್ಲಿದ್ದಾಗ ಮಾತಾಡಿ ಅಂತ. ಬೆಂಗಳೂರಲ್ಲಿ ಆಗ ಅಪರಾತ್ರಿ ಆಗಿರುತ್ತಲ್ಲಾ ಅಂದ್ರೆ, ಹೌದು, ಆಗಿರುತ್ತೆ.

ಅತ್ತೆ ಮೇಲೆ ನಂಗೆ ಅಷ್ಟು ಸಿಟ್ಟಿಲ್ಲ. ಹೊಸ ಜಾಗ, ಡಿಸೆಂಬರಲ್ಲಿ ಸಂಜೆ ಐದಾಗೋದ್ರೊಳಗೆ ಕತ್ತಲು, ರಾತ್ರಿ ಕೆಳಗಿಂದ ಹೆಂಗಸರು ಕಿರುಚೋ ಸದ್ದು, ನಾನಾಗಿದ್ರೂ ಎದ್ದು ಕೂರ್ತಿದ್ದೆ. ಆದ್ರೆ ‘ಹಬ್ಬದ ದಿನ ಭೂತ ಪ್ರೇತ ಸಲ್ಲದು’ ಅನ್ನೋದನ್ನ ಆ ಹಬ್ಬದವರೇ ಒಪ್ಪಿಲ್ಲ. ಇಂಗ್ಲಿಷ್ ಕಾದಂಬರಿಕಾರ ಡಿಕೆನ್ಸ್ 1843ರಲ್ಲಿ ಬರೆದ ಕ್ರಿಸ್‌ಮಸ್ ಕಥೇಲಿ ರಾತ್ರಿ ಹುಡುಕ್ಕೊಂಡು ಬರೋರೆಲ್ಲಾ ದೆವ್ವಗಳೇ, ಇಂಗ್ಲೆಂಡಲ್ಲಿ ಬೆಂಕಿ ಕಾಯಿಸ್ಕೊಂಡು ದೆವ್ವದ ಕಥೆ ಹೇಳೋದು ಹಳೇ ಕ್ರಿಸ್‌ಮಸ್ ಪದ್ಧತಿ, ಆಸ್ಟ್ರಿಯಾ ಬವೇರಿಯಾ ಕಡೆ ಡಿಸೆಂಬರ್ 5ರ ರಾತ್ರಿ ಕೊಂಬಿರೋ ಕ್ರಾಂಪಸ್ ವೇಷ ಹಾಕ್ಕೊಂಡು ಮಕ್ಕಳನ್ನ ಹೆದರಿಸ್ತಾ ಬೀದಿ ಸುತ್ತುತಾರೆ. ವರ್ಷದಲ್ಲೇ ಉದ್ದದ ರಾತ್ರಿಗಳು ಅವು, ಕತ್ತಲಿಗೆ ಕಥೆ ಬೇಕು. ನಮ್ಮಲ್ಲೇನು ಕಮ್ಮಿನಾ, ದೀಪಾವಳಿ ಎಣ್ಣೆಸ್ನಾನ ಮಾಡೋದು ನರಕಾಸುರನ ಹೆಣ ಬಿದ್ದ ಲೆಕ್ಕದಲ್ಲಿ ತಾನೇ. ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರ್ಕೊಂಡಿದ್ದ ಜನ ನಾವು.

ಅತ್ತೆಗೆ ಜೊತೆಯೂ ಇದೆ ಬಿಡಿ. 1984ರ ನವೆಂಬರಲ್ಲಿ ಅಮೆರಿಕದಲ್ಲಿ ‘ಸೈಲೆಂಟ್ ನೈಟ್, ಡೆಡ್ಲಿ ನೈಟ್’ ಬಂತು, ಸಾಂಟಾ ವೇಷದವನು ಕೊಲೆ ಮಾಡ್ಕೊಂಡು ಹೋಗೋದು. ಅಪ್ಪ ಅಮ್ಮಂದಿರು ಥಿಯೇಟರ್ ಮುಂದೆ ಬೋರ್ಡ್ ಹಿಡ್ಕೊಂಡು ನಿಂತ್ರು, ಕೆಲವೇ ವಾರದಲ್ಲಿ ಕಂಪನಿಯವರು ಸಿನಿಮಾ ವಾಪಸ್ ತಗೊಂಡ್ರು. ಎಲ್ಲರೂ ಅವರನ್ನ ಮಡಿವಂತರು ಅಂತ ನಗಾಡ್ತಾರೆ, ನಾನು ನಗಲ್ಲ, ಯಾಕಂದ್ರೆ ಅವರ ಸಿಟ್ಟಿಗೆ ದೊಡ್ಡ ಕಾರಣ ಟಿವಿ ಜಾಹೀರಾತು. ಸಿನಿಮಾಗೆ ಟಿಕೆಟ್ ತಗೊಂಡು ಹೋಗೋದು ಬೇರೆ, ಮನೇಲಿ ಟಿವಿ ಮುಂದೆ ಕೂತಿರೋ ಮಗು ಕಣ್ಣಿಗೆ ಕೊಡಲಿ ಹಿಡಿದ ಸಾಂಟಾ ಸುಮ್‌ಸುಮ್ನೆ ಬಂದು ಬೀಳೋದು ಬೇರೆ. ‘ಬ್ಲ್ಯಾಕ್ ಕ್ರಿಸ್‌ಮಸ್’ಗೂ ಅಮೆರಿಕದಲ್ಲಿ ಕೊಟ್ಟಿದ್ದು ಆರ್ ರೇಟಿಂಗು, ಅಂದ್ರೆ 17 ತುಂಬದೋರು ದೊಡ್ಡೋರ ಜೊತೆಗಲ್ದೆ ಒಳಗೆ ಬರಂಗಿಲ್ಲ. ಎಂಟು ವರ್ಷಕ್ಕೆ ಆ ಸಿನಿಮಾ ದೊಡ್ಡೋರ ಜೊತೆಗೂ ಬೇಡ, ಅದು ಬೇರೆ ಮಾತು.

ನಿಮ್ಮ ಯಜಮಾನ್ರ ಬಗ್ಗೆ ನಂಗೆ ಸ್ವಲ್ಪ ಮೆತ್ತಗೆ ಅನಿಸ್ತು, ನಿಮಗದು ಇಷ್ಟ ಆಗಲ್ಲ ಅಂತ ಗೊತ್ತು. ನೀವೇ ಬರೆದಿದೀರ, ಓದೋಕೆ ಬಂದ ಮೊದಲ ಚಳಿಗಾಲ ಬಾಡಿಗೆ ಬೇಸ್‌ಮೆಂಟಲ್ಲಿದ್ರು, 25ಕ್ಕೆ ಅಂಗಡಿ ಹೋಟ್ಲು ಎಲ್ಲಾ ಬಾಗಿಲು ಹಾಕಿರುತ್ತೆ ಅಂತ ಗೊತ್ತಿರಲಿಲ್ಲ, ಬ್ರೆಡ್ಡು ಉಪ್ಪಿನಕಾಯಿ ತಿನ್ಕೊಂಡು ರೂಮ್‌ಮೇಟ್ ಜೊತೆ ರಾತ್ರಿಯೆಲ್ಲಾ ಇಂಥದೇ ಸಿನಿಮಾ ನೋಡಿದ್ರು ಅಂತ. ಊರೆಲ್ಲಾ ದೀಪ ಹಾಕ್ಕೊಂಡು ಅವರವರ ಮನೆ ಸೇರಿದಾಗ ಇಬ್ಬರು ಹುಡುಗರು ಆ ಹಬ್ಬದಲ್ಲಿ ತಮಗೂ ಒಂದು ಮೂಲೆ ಹುಡುಕ್ಕೊಂಡಿದಾರೆ, ವರ್ಷಕ್ಕೊಂದು ರಾತ್ರಿ, ಕುಡಿತ ಇಲ್ಲ ಜೂಜಿಲ್ಲ. ಇದು ಚಟ ಅಲ್ಲ ತಾಯಿ. ಇದನ್ನ ಬಿಡಿಸೋ ಉಪಾಯ ನನ್ನ ಹತ್ರ ಇಲ್ಲ, ಇದ್ರೂ ಕೊಡಲ್ಲ. ಆದ್ರೆ ಬೇಸ್‌ಮೆಂಟ್ ಬಾಗಿಲು ಹಾಕ್ಕೊಳ್ದೆ, ಹಿಂದೆ ತಿರುಗಿ ಮೆಟ್ಟಿಲ ಕಡೆ ಒಂದ್ಸಲಾನೂ ನೋಡ್ದೆ ಕೂತಿದ್ದಕ್ಕೆ ಅವರಿಗೆ ನನ್ನ ಕಡೆಯಿಂದ ಚೆನ್ನಾಗಿ ಬೈರಿ, ಕನ್ನಡದಲ್ಲೇ.

ಹೆದರಿಕೆ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಚಿಕ್ಕೋಳಿದ್ದಾಗ ಗದ್ದೆ ಕೊಯ್ಲು ಮುಗಿದ್ಮೇಲೆ ಬಯಲಾಟ ನೋಡೋಕೆ ಹೋಗ್ತಿದ್ವಿ, ದೇವಿ ಮಹಾತ್ಮೆ ಪ್ರಸಂಗ. ಮಹಿಷಾಸುರ ರಂಗಸ್ಥಳದಿಂದ ಬರಲ್ಲ, ಜನರ ಹಿಂದಿನಿಂದ ಬರ್ತಾನೆ, ದೊಂದಿ ಬೆಂಕಿ, ರಾಳದ ಪುಡಿ ಎರಚಿದ್ರೆ ಆಕಾಶಕ್ಕೇಳೋ ಜ್ವಾಲೆ, ಎದೆ ಒಡೆಯೋ ಆರ್ಭಟ, ನಾನು ಅಜ್ಜಿ ಸೆರಗೊಳಗೆ ತಲೆ ತೂರಿಸಿ ಅಲ್ಲೇ ಒಂದು ಸಲ ಉಚ್ಚೆನೂ ಹೊಯ್ಕೊಂಡಿದೀನಿ, ಈಗ ಹೇಳ್ಕೊಳೋಕೆ ನಾಚಿಕೆ ಇಲ್ಲ. ಅಜ್ಜಿ ಕಣ್ಣು ಮುಚ್ಚಲಿಲ್ಲ, ಮನೆಗೂ ಕರ್ಕೊಂಡು ಹೋಗ್ಲಿಲ್ಲ, ‘ನೋಡೇ, ಕೊಂಬು ಸ್ವಲ್ಪ ಸೊಟ್ಟ ಆಗಿದೆ’ ಅಂದ್ಲು ಅಷ್ಟೆ. ಬೆಳಗಾಗೋದ್ರೊಳಗೆ ದೇವಿ ಅವನನ್ನ ಕೊಂದ್ಲು, ಬೆಳಿಗ್ಗೆ ಅದೇ ಮಹಿಷಾಸುರ ಕಿವಿ ಹಿಂದೆ ಬಣ್ಣ ಉಳಿಸ್ಕೊಂಡು ನಮ್ಮನೆ ಜಗಲೀಲಿ ಕೂತು ಅವಲಕ್ಕಿ ಮೊಸರು ತಿಂತಿದ್ದ. ನಿಮ್ಮ ಮಗಳಿಗೆ ಅಜ್ಜಿ ಮಡಿಲೂ ಸಿಗ್ಲಿಲ್ಲ, ಅವಲಕ್ಕಿ ತಿನ್ನೋ ಮಹಿಷಾಸುರನೂ ಸಿಗ್ಲಿಲ್ಲ. ಹಾಳು ಸಿನಿಮಾ ಸರಿಯಾಗಿ ಮುಗಿಯೋದೂ ಇಲ್ಲ, ಪೊಲೀಸರು ಬೇರೆಯವನೇ ಕೊಲೆಗಾರ ಅಂದ್ಕೊಂಡು ಹೊರಟು ಹೋಗ್ತಾರೆ, ಅಟ್ಟದಲ್ಲಿದ್ದೋನು ಅಟ್ಟದಲ್ಲೇ ಇರ್ತಾನೆ, ಕೊನೇಲಿ ಮತ್ತೆ ಫೋನ್ ರಿಂಗಾಗುತ್ತೆ. ಮಗೂಗೆ ಅವನು ಈಗಲೂ ಅಲ್ಲೇ ಇದಾನೆ.

ಅದಕ್ಕೆ ನಾನು ಹೇಳೋದು ಒಂದೇ ಕೆಲಸ. ಬರೋ ಶನಿವಾರ, ಮಧ್ಯಾಹ್ನ, ಬಿಸಿಲಿದ್ದಾಗ, ಅಟ್ಟ ತೆಗೀರಿ.

ಬೀಗ ಹಾಕ್ಸ್‌ಬೇಡಿ, ಬೀಗ ಹಾಕಿದ್ರೆ ಒಳಗೆ ಯಾರೋ ಇದಾರೆ ಅಂತ ನೀವೇ ಒಪ್ಕೊಂಡಂಗೆ. ನಿಮ್ಮ ಕಡೆ ಮನೆಗಳಲ್ಲಿ ಅಟ್ಟ ಅಂದ್ರೆ ಮೇಲಿನ ಕ್ಲೋಸೆಟ್ಟಲ್ಲೋ ಪ್ಯಾಸೇಜಲ್ಲೋ ಇರೋ ಚೌಕ ಮುಚ್ಚಳ ಅಷ್ಟೇ ತಾನೇ, ಒಳಗೆ ಹತ್ತಿ ಥರ ಇನ್ಸುಲೇಶನ್ ತುಂಬಿರುತ್ತೆ. ಅಪ್ಪ ಏಣಿ ಹಾಕಿ ಮೊದಲು ಹತ್ಲಿ, ಮುಚ್ಚಳ ಎತ್ತಲಿ, ಆಮೇಲೆ ಮಗೂನ ತನ್ನ ಮುಂದೆ ಏಣಿ ಮೇಲೆ ನಿಲ್ಲಿಸ್ಕೊಂಡು ಟಾರ್ಚ್ ಅವಳ ಕೈಗೇ ಕೊಡ್ಲಿ, ಎಲ್ಲಿ ಬೇಕೋ ಅಲ್ಲಿ ಬಿಡ್ಲಿ ಬೆಳಕು, ಎಷ್ಟು ಹೊತ್ತಾದ್ರೂ ಆಗ್ಲಿ. ಒಳಗೆ ಕಾಲಿಡಬೇಡಿ, ಮರದ ತೊಲೆ ಬಿಟ್ಟು ಬೇರೆ ಕಡೆ ಕಾಲಿಟ್ರೆ ಸೀಲಿಂಗ್ ಸೀಳ್ಕೊಂಡು ಕೆಳಗಿನ ರೂಮಿಗೆ ಬರ್ತೀರ. ನೀವು ಏಣಿ ಹಿಡ್ಕೊಳಿ, ಅತ್ತೆ ಕೆಳಗೆ ಕುರ್ಚಿ ಹಾಕ್ಕೊಂಡು ಕೂತ್ಕೊಳ್ಳಿ. ‘ಹೆದರ್ಬೇಡ, ಏನೂ ಇಲ್ಲ’ ಅಂತ ಯಾರೂ ಹೇಳಂಗಿಲ್ಲ, ಅವಳೇ ನೋಡಿ ಅವಳೇ ಹೇಳ್ಲಿ. ಇಳಿದ ಮೇಲೆ ಅಪ್ಪ ಆ ಸಿನಿಮಾ ಹೇಗೆ ತೆಗೆದ್ರು ಅಂತ ಹೇಳ್ಲಿ, ಹೇಗೂ ಟೊರೊಂಟೊ ಅಂತ ಹೆಮ್ಮೆ ಇದೆಯಲ್ಲಾ, ರಕ್ತ ಏನು, ಫೋನಲ್ಲಿ ದನಿ ಕೊಟ್ಟೋರು ಸಂಬಳ ತಗೊಂಡು ಮನೆಗೆ ಹೋದ್ರು ಅನ್ನೋದು ಎಲ್ಲಾ.

ಏಣಿ ಇಲ್ಲಾಂದ್ರೆ ಪಕ್ಕದ ಮನೆಯವರ ಹತ್ರ ಇಸ್ಕೊಳಿ. ನಾದಿನಿಗೆ ಅಲ್ಲಿಂದ ವಿಡಿಯೋ ಕಾಲ್ ಮಾಡ್ಬೇಡಿ.