ಅಪ್ಪ-ಅಮ್ಮನ ಮದುವೆಯ ಡಿವಿಡಿ, ಕ್ಯಾಸೆಟ್ ಇದೆ. ಫೋನು, ಟ್ಯಾಬ್‌ನಲ್ಲಿ ಓಡುವ ಹಾಗೆ ಮಾಡೋದು ಹೇಗೆ?

ಇವತ್ತು ರಾತ್ರಿಯೇ ಅಮ್ಮನಿಗೆ ತೋರಿಸಬೇಕು ಅಂದರೆ ಟ್ಯಾಬ್‌ಗೆ ವಿಎಲ್‌ಸಿ ಆ್ಯಪ್ ಹಾಕಿ, ಡಿವಿಡಿಯಲ್ಲಿರುವ ವಿಒಬಿ ಫೈಲುಗಳನ್ನು (ವಿಡಿಯೋ ಇರುವುದು ಇವುಗಳಲ್ಲೇ) ಹಾಗೇ ಕಾಪಿ ಮಾಡಿ ಅದರಲ್ಲೇ ತೆರೆಯಿರಿ. ಕನ್ವರ್ಟ್ ಮಾಡುವ ಗೋಜೇ ಇಲ್ಲದೆ ಓಡುತ್ತದೆ.

ಆದರೆ ನಿಮ್ಮ ಪ್ರಶ್ನೆ ಅಷ್ಟಕ್ಕೇ ಮುಗಿಯುವುದಿಲ್ಲ. ಆಲ್ದೂರಿನ ಮನೆಯಲ್ಲಿ 1994ರ ಮದುವೆಯ ವಿಎಚ್‌ಎಸ್ ಕ್ಯಾಸೆಟ್‌ಗಳಿವೆ, ಅದರಿಂದ ಸ್ಟುಡಿಯೋದವರು ಆಮೇಲೆ ಮಾಡಿಕೊಟ್ಟ ಡಿವಿಡಿ ಇದೆ, ತಮ್ಮನ ನಾಮಕರಣದ ವಿಸಿಡಿ ಇದೆ, ಫೈಲಿನ ಹೆಸರಿನ ಕೊನೆಗೆ ಎಂಪಿ4 ಅಂತ ಬದಲಾಯಿಸಿದರೂ ಫೋನ್ ಒಪ್ಪುತ್ತಿಲ್ಲ ಅಂದಿದ್ದೀರಿ. ನಾನು ಚಿಕ್ಕಮಗಳೂರಿನಲ್ಲಿ ಮದುವೆ ವಿಡಿಯೋಗಳ ಮಿಕ್ಸಿಂಗ್ ಮಾಡಿಕೊಂಡಿದ್ದವನು, ಈಗ ಇಂಥ ಹಳೇ ಡಿಸ್ಕುಗಳೇ ಜಾಸ್ತಿ ಬರುತ್ತವೆ. ಹಾಗಾಗಿ ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಹೆಸರು ಬದಲಾಯಿಸಿದರೆ ಒಳಗಿನ ಮಾಲು ಬದಲಾಗುವುದಿಲ್ಲ. ವಿಡಿಯೋವನ್ನು ಕುಗ್ಗಿಸಿಡುವ ಪದ್ಧತಿಗಳು ಹಲವು: ಡಿವಿಡಿಯ ಒಳಗಿರುವುದು ಎಂಪೆಗ್-2, ವಿಸಿಡಿಯ ಒಳಗಿರುವುದು ಅದಕ್ಕಿಂತ ಹಳೆಯ ಎಂಪೆಗ್-1. ಈಗಿನ ಫೋನು, ಟ್ಯಾಬ್, ಟಿವಿ ಎಲ್ಲವೂ ತಕರಾರಿಲ್ಲದೆ ಓಡಿಸುವುದು 2003ರಲ್ಲಿ ಬಂದ ಎಚ್.264 ಅನ್ನು. ಎಂಪಿ4 ಫೈಲು, ಒಳಗೆ ಎಚ್.264 ಚಿತ್ರ, ಎಎಸಿ ಧ್ವನಿ: ಇಷ್ಟಿದ್ದರೆ ಸಾಕು. ಅದಕ್ಕಿಂತ ಹೊಸದಾದ ಎಚ್‌ಇವಿಸಿಯಲ್ಲಿ ಫೈಲು ಚಿಕ್ಕದಾಗುತ್ತದೆ ನಿಜ, ಆದರೆ ಚಿಕ್ಕಪ್ಪನ ಹಳೇ ಟಿವಿಗೆ ಪೆನ್‌ಡ್ರೈವ್ ಚುಚ್ಚಿದಾಗ ಕೈಕೊಡುವ ಸಾಧ್ಯತೆ ಇರುತ್ತದೆ. ನಾನು ಎಚ್.264ನ್ನೇ ಹಾಕುತ್ತೇನೆ.

ಕನ್ವರ್ಟ್ ಮಾಡುವ ಮುಂಚೆ ಡಿಸ್ಕಿನ ಪೂರ್ತಿ ನಕಲು ಕಂಪ್ಯೂಟರಿಗೆ ಬರಲಿ. ವಿಡಿಯೋ_ಟಿಎಸ್ ಅನ್ನುವ ಫೋಲ್ಡರನ್ನು ಇಡಿಯಾಗಿ ಎತ್ತಿಕೊಳ್ಳಿ. ಬರೆಯುವ ಡಿಸ್ಕಿನಲ್ಲಿ ಮಾಹಿತಿ ಕೂತಿರುವುದು ಒಂದು ತೆಳು ಬಣ್ಣದ ಪದರದಲ್ಲಿ, ಅದು ವರ್ಷ ಕಳೆದಂತೆ ಮಾಸುತ್ತದೆ. ಇವತ್ತು ಓದಿದ ಡಿಸ್ಕ್ ಮುಂದಿನ ಮಳೆಗಾಲಕ್ಕೂ ಓದುತ್ತದೆ ಅನ್ನುವ ಖಾತ್ರಿ ನನಗಿಲ್ಲ. ಮಧ್ಯದಲ್ಲಿ ಕಾಪಿ ನಿಂತುಬಿಟ್ಟರೆ ಬೇರೆ ಡ್ರೈವ್‌ನಲ್ಲಿ ಹಾಕಿ ನೋಡಿ. ಅದೂ ಆಗದಿದ್ದರೆ ನಿಮ್ಮ ಅಜ್ಜಿಮನೆಯಲ್ಲಿ ವಿಚಾರಿಸಿ. ಮದುವೆಯ ಡಿಸ್ಕುಗಳನ್ನು ಹೆಣ್ಣಿನ ಕಡೆಗೊಂದು, ಗಂಡಿನ ಕಡೆಗೊಂದು ಅಂತ ಎರಡು ಪ್ರತಿ ಮಾಡಿಕೊಡುವುದು ನಮ್ಮಲ್ಲಿ ವಾಡಿಕೆ. ಇನ್ನೊಂದು ಪ್ರತಿ ಶೋಕೇಸಿನಲ್ಲಿ ಗೀರೇ ಬೀಳದೆ ಕೂತಿರಬಹುದು.

ಸಾಫ್ಟ್‌ವೇರ್ ಅಂದರೆ ಹ್ಯಾಂಡ್‌ಬ್ರೇಕ್. ಉಚಿತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ಇದೆ, ಜಾಹೀರಾತಿನ ಕಾಟವಿಲ್ಲ. ದುಡ್ಡು ಕೇಳುವ, ವಿಡಿಯೋ ಮೇಲೆ ತನ್ನ ಹೆಸರಿನ ಮುದ್ರೆ ಒತ್ತುವ ಕನ್ವರ್ಟರುಗಳ ಸಹವಾಸ ಬೇಡ. ಹ್ಯಾಂಡ್‌ಬ್ರೇಕ್‌ನಲ್ಲಿ ವಿಒಬಿ ಫೈಲುಗಳನ್ನು ಒಂದೊಂದಾಗಿ ತೆರೆಯಬೇಡಿ, ಫೋಲ್ಡರನ್ನೇ ತೆರೆಯಿರಿ. ಡಿವಿಡಿಯಲ್ಲಿ ವಿಡಿಯೋವನ್ನು 1 ಜಿಬಿಗೆ ಒಂದರಂತೆ ತುಂಡು ಮಾಡಿರುತ್ತಾರೆ. ಧಾರೆ ಎರೆಯುವ ಮಧ್ಯಕ್ಕೇ ಒಂದು ತುಂಡು ಮುಗಿದಿರುತ್ತದೆ. ಪ್ರತ್ಯೇಕವಾಗಿ ಕನ್ವರ್ಟ್ ಮಾಡಿದರೆ ಮಂತ್ರ ಅರ್ಧದಲ್ಲಿ ಕಟ್ ಆಗುತ್ತದೆ. ಆಮೇಲೆ ಪ್ರಿಸೆಟ್‌ನಲ್ಲಿ (ಮೊದಲೇ ಹೊಂದಿಸಿಟ್ಟ ಸೆಟ್ಟಿಂಗ್‌ಗಳ ಪಟ್ಟಿ) 'ಫಾಸ್ಟ್ 576ಪಿ25' ಆರಿಸಿ, ಗುಣಮಟ್ಟದ ಆರ್‌ಎಫ್ ಅಂಕಿಯನ್ನು 20ರ ಹತ್ತಿರ ಇಡಿ. ಅಂಕಿ ಇಳಿದಷ್ಟೂ ಚಿತ್ರ ಚೆನ್ನ, ಫೈಲು ದಪ್ಪ.

ಮುಂದಿನದು ಎಲ್ಲರೂ ಹಾರಿಸುವ ಹಂತ. ನಮ್ಮ ಹಳೇ ಪಾಲ್ ಟಿವಿ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರ, ಪ್ರತಿ ಚಿತ್ರವೂ ಎರಡು ಅರ್ಧ: ಬೆಸ ಗೆರೆಗಳದ್ದೊಂದು, ಸಮ ಗೆರೆಗಳದ್ದೊಂದು. ಹಳೇ ಟಿವಿ ಈ 50 ಅರ್ಧಗಳನ್ನು ಒಂದಾದ ಮೇಲೊಂದು ತೋರಿಸುತ್ತಿತ್ತು, ಕಣ್ಣಿಗೆ ನುಣುಪಾಗಿ ಕಾಣುತ್ತಿತ್ತು. ಫೋನು ಎರಡನ್ನೂ ಒಟ್ಟಿಗೇ ತೋರಿಸಿದರೆ ಕೈ ಎತ್ತಿದವರ ಕೈ, ಅಕ್ಷತೆ ಹಾಕುವವರ ಬೆರಳು, ಎಲ್ಲದರ ಅಂಚಿಗೂ ಬಾಚಣಿಗೆಯ ಹಲ್ಲು ಮೂಡುತ್ತದೆ. ಅದಕ್ಕೆ ಫಿಲ್ಟರ್ಸ್‌ನಲ್ಲಿ ಡಿಇಂಟರ್ಲೇಸ್ ಅಂತಿದೆ, ಯಾಡಿಫ್ ಆರಿಸಿ, ಅದರೊಳಗೆ 'ಬಾಬ್' ಹಾಕಿ. ಬಾಬ್ ಹಾಕಿದರೆ ಅರ್ಧಕ್ಕೊಂದು ಪೂರ್ತಿ ಚಿತ್ರ ಕಟ್ಟುತ್ತದೆ, ಹಾಗಾಗಿ ಫ್ರೇಮ್ ರೇಟನ್ನು 25ರಿಂದ 50ಕ್ಕೆ ಏರಿಸಲೇಬೇಕು. ಇಲ್ಲದಿದ್ದರೆ ಹುಟ್ಟಿದ ಚಿತ್ರಗಳಲ್ಲಿ ಅರ್ಧ ಮತ್ತೆ ಬಿದ್ದುಹೋಗುತ್ತದೆ. ವಿಸಿಡಿಗೆ ಇದ್ಯಾವುದೂ ಬೇಡ. ಅದರ ಚಿತ್ರವೇ 352ಕ್ಕೆ 288, ಅರ್ಧ-ಅರ್ಧದ ಲೆಕ್ಕವಿಲ್ಲ. ವಿಸಿಡಿಯ ವಿಡಿಯೋ ಇರುವ ಡಿಎಟಿ ಫೈಲನ್ನು ಕಂಪ್ಯೂಟರಿನ ವಿಎಲ್‌ಸಿಯಲ್ಲೇ ಕನ್ವರ್ಟ್ ಮಾಡಿಕೊಳ್ಳಬಹುದು. ಎಚ್‌ಡಿ ಮಾಡುತ್ತೇನೆ ಅಂತ ಉಬ್ಬಿಸಲು ಹೋಗಬೇಡಿ, ಇಲ್ಲದ ಮುಖಲಕ್ಷಣ ಎಲ್ಲಿಂದಲೂ ಬರುವುದಿಲ್ಲ.

ಕ್ಯಾಸೆಟ್‌ನಿಂದ ಬಂದ ವಿಡಿಯೋದ ತಳದಲ್ಲಿ ಸಣ್ಣದೊಂದು ಪಟ್ಟಿ ನಡುಗುತ್ತಾ ಇರುತ್ತದೆ, ಗಮನಿಸಿ. ಅದು ಕ್ಯಾಸೆಟ್ ಓಡಿಸುವ ವಿಸಿಆರ್‌ನಲ್ಲಿ ಟೇಪ್ ಓದುವ ಹೆಡ್ ಬದಲಾಗುವ ಜಾಗ. ಹಳೇ ಟಿವಿಯ ಚೌಕಟ್ಟಿನಾಚೆ ಅಡಗಿಕೊಂಡಿರುತ್ತಿತ್ತು, ಫೋನಿನಲ್ಲಿ ಎದ್ದು ಕಾಣುತ್ತದೆ. ಕೆಳಗಿನಿಂದ ಹತ್ತು-ಹನ್ನೆರಡು ಗೆರೆ ಕತ್ತರಿಸಿದರೆ ಮಾಯ.

ಇನ್ನು ಕ್ಯಾಸೆಟ್ಟು. ಡಿವಿಡಿಗಿಂತ ಕ್ಯಾಸೆಟ್ಟೇ ಮೂಲ, ಅದರಿಂದಲೇ ತೆಗೆಯಬೇಕಲ್ಲವಾ ಅಂತ ಕೇಳಿದ್ದೀರಿ. ತಾತ್ವಿಕವಾಗಿ ಹೌದು. ಆದರೆ ವಿಎಚ್‌ಎಸ್‌ನ ಸೂಕ್ಷ್ಮತೆ ಸುಮಾರು 240 ಗೆರೆಯಷ್ಟೇ. ಡಿವಿಡಿ ಅದನ್ನು ಆರಾಮವಾಗಿ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಡಿಸ್ಕಿಗೆ ಎರಡು ಗಂಟೆಯೊಳಗೆ ತುಂಬಿದ್ದರೆ ಡಿವಿಡಿಯೇ ಸಾಕು. ನಾಲ್ಕು ಗಂಟೆ ತುರುಕಿ ಚಿತ್ರ ಚೌಕ ಚೌಕವಾಗಿ ಒಡೆಯುತ್ತಿದ್ದರೆ ಮಾತ್ರ ಕ್ಯಾಸೆಟ್‌ಗೆ ಹೋಗಿ. ಇನ್ನೊಂದು ಕಾರಣವೂ ಇದೆ: ನಿಮ್ಮ ಕ್ಯಾಸೆಟ್‌ಗಳಲ್ಲಿ ಮಿಕ್ಸಿಂಗ್ ಆಗದ್ದು ಒಂದಿದ್ದರೆ ಅದು ಚಿನ್ನ. ಮಿಕ್ಸಿಂಗ್ ಮಾಡುವ ನಾವು ವಾಲಗ, ಮಾತು, ಮಂತ್ರ ಎಲ್ಲ ಅಳಿಸಿ ಸಿನಿಮಾ ಹಾಡು ಹಾಕುತ್ತಿದ್ದೆವು, ಹೃದಯದಾಕಾರದಲ್ಲಿ ವಧುವರರನ್ನು ಕೂರಿಸುತ್ತಿದ್ದೆವು. ಆಗ ಗಿರಾಕಿಗಳು ಅದನ್ನೇ ಕೇಳುತ್ತಿದ್ದರು. ಈಗ ಎಲ್ಲರೂ ಕೇಳುವುದು ಅಜ್ಜನ ದನಿ.

ಆದರೆ ವಿಸಿಆರ್‌ಗೆ ತುರುಕುವ ಮುಂಚೆ ಕ್ಯಾಸೆಟ್‌ನ ಕಿಟಕಿಯಲ್ಲಿ ಟಾರ್ಚ್ ಬಿಟ್ಟು ನೋಡಿ. ಸುತ್ತಿದ ಟೇಪಿನ ಮೇಲೆ ಬಿಳಿ ಪುಡಿಯೋ, ಎಳೆ ಎಳೆಯ ಕಲೆಯೋ ಕಂಡರೆ ಅದು ಬೂಷ್ಟು. ಮಲೆನಾಡಿನ ಅಟ್ಟದಲ್ಲಿ ಇಟ್ಟದ್ದಕ್ಕೆ ಬರದೇ ಇದ್ದರೇ ಆಶ್ಚರ್ಯ. ಅದನ್ನು ಓಡಿಸಿದರೆ ಹೆಡ್‌ಗೆ ಮೆತ್ತಿಕೊಂಡು ಮುಂದಿನ ಕ್ಯಾಸೆಟ್‌ಗೂ ಅಂಟುತ್ತದೆ. ಸ್ವಚ್ಛ ಮಾಡಿಸಿಯೇ ಹಾಕಬೇಕು. ವಿಸಿಆರ್ ತಯಾರಿಕೆ ಜಗತ್ತಿನಲ್ಲೇ 2016ಕ್ಕೆ ನಿಂತಿದೆ, ಸಿಗುವುದೆಲ್ಲ ಸೆಕೆಂಡ್ ಹ್ಯಾಂಡ್. ಹಳದಿ-ಬಿಳಿ-ಕೆಂಪು ವೈರಿನಿಂದ ಯುಎಸ್‌ಬಿ ಕ್ಯಾಪ್ಚರ್ ಡಬ್ಬಿಗೆ ಕೊಟ್ಟು, ಸೆಟ್ಟಿಂಗ್‌ನಲ್ಲಿ ಪಾಲ್ ಇದೆಯೋ ಇಲ್ಲವೋ ನೋಡಿಕೊಳ್ಳಿ.

ಟ್ಯಾಬ್‌ಗೆ ಹಾಕುವಾಗ ಮೂರು ಗಂಟೆಯ ಒಂದೇ ಫೈಲು ಬೇಡ. ಚಪ್ಪರ, ಧಾರೆ, ಆರತಕ್ಷತೆ, ಊಟ ಅಂತ ಬೇರೆ ಬೇರೆ ಮಾಡಿ ಕನ್ನಡದಲ್ಲೇ ಹೆಸರಿಡಿ. ಊಟದ ಪಂಕ್ತಿಯನ್ನು ಬೇಸರ ಅಂತ ಕತ್ತರಿಸಬೇಡಿ. ಇಡೀ ಊರಿನ ಮುಖ ಇರುವುದು ಅಲ್ಲೇ. ಪೆನ್‌ಡ್ರೈವ್ ಫ್ಯಾಟ್32 ಅನ್ನುವ ಹಳೇ ಬಗೆಯಲ್ಲಿ ಫಾರ್ಮ್ಯಾಟ್ ಆಗಿದ್ದರೆ 4 ಜಿಬಿ ಮೀರಿದ ಫೈಲು ಹತ್ತುವುದಿಲ್ಲ, ತುಂಡು ಮಾಡಿದರೆ ಆ ತಲೆನೋವೂ ಇಲ್ಲ. ನೆಂಟರಿಗೆ ವಾಟ್ಸ್ಆ್ಯಪ್‌ನಲ್ಲಿ ಕಳಿಸುವುದಾದರೆ ವಿಡಿಯೋ ಅಂತ ಕಳಿಸಬೇಡಿ, ಅದು ಮತ್ತೆ ಹಿಂಡಿ ಹಿಪ್ಪೆ ಮಾಡುತ್ತದೆ. ಡಾಕ್ಯುಮೆಂಟ್ ಅಂತ ಕಳಿಸಿದರೆ 2 ಜಿಬಿವರೆಗೂ ಇದ್ದ ಹಾಗೇ ಹೋಗುತ್ತದೆ. ತೋಟದ ಮನೆಯಲ್ಲಿ ಸಿಗ್ನಲ್ ಸಾಲದಿದ್ದರೆ ಪೇಟೆಗೆ ಬಂದಾಗ ಕಳಿಸಿ.