ಡಿ-ಡೈಮರ್ 640 ಇದ್ದದ್ದು 1.3 ಆಗಿದೆ, ಇಳಿದಂತೆಯೇ?

ಪ್ರಶ್ನೆ: ನನ್ನ ತಂದೆಗೆ 68 ವರ್ಷ, ಕೋವಿಡ್ ನ್ಯುಮೋನಿಯಾ ಆಗಿದೆ. ಕಾಸರಗೋಡಿನ ಲ್ಯಾಬ್‌ನಲ್ಲಿ ಡಿ-ಡೈಮರ್ 640 ನ್ಯಾನೋಗ್ರಾಂ (ಡಿಡಿಯು) ಬಂತು. ಎರಡು ದಿನ ಕಳೆದು ಮಂಗಳೂರಿನಲ್ಲಿ ಅಡ್ಮಿಟ್ ಮಾಡಿದಾಗ 1.3 ಮೈಕ್ರೋಗ್ರಾಂ (ಎಫ್‌ಇಯು) ಬಂದಿದೆ. ಆದರೂ ಡಾಕ್ಟರು ಜಾಸ್ತಿ ಇದೆ ಎನ್ನುತ್ತಾರೆ. ಮನೆಗೆ ಬಂದ ಮೇಲೆ ಆಸ್ಪಿರಿನ್ ಕೊಡಬಹುದೇ?
– ಓದುಗರು, ಬದಿಯಡ್ಕ

ಉತ್ತರ: ಇಳಿದಿಲ್ಲ, ಹೆಚ್ಚು ಕಡಿಮೆ ಅಷ್ಟೇ ಇದೆ. ಡಿಡಿಯು, ಎಫ್‌ಇಯು ಎರಡೂ ಡಿ-ಡೈಮರ್ ಅಳೆಯುವ ಬೇರೆ ಬೇರೆ ಮಾನಗಳು. ಒಂದೇ ರಕ್ತಕ್ಕೆ ಎಫ್‌ಇಯು ಲೆಕ್ಕ ಡಿಡಿಯು ಲೆಕ್ಕದ ಸುಮಾರು ಎರಡು ಪಟ್ಟು. 640ನ್ನು ಎರಡರಿಂದ ಗುಣಿಸಿದರೆ 1280 ನ್ಯಾನೋಗ್ರಾಂ, ಅಂದರೆ 1.28 ಮೈಕ್ರೋಗ್ರಾಂ. ಲ್ಯಾಬ್ ಬದಲಾದರೆ ಪರೀಕ್ಷೆಯ ವಿಧಾನವೂ ಬದಲಾಗುವುದರಿಂದ ಈ ಲೆಕ್ಕವೂ ಅಂದಾಜೇ. ಏರಿಳಿತ ತಿಳಿಯಬೇಕಾದರೆ ಒಂದೇ ಲ್ಯಾಬ್‌ನಲ್ಲಿ ಮಾಡಿಸಿ.

ದೇಹದೊಳಗೆ ಹೆಪ್ಪುಗಟ್ಟಿದ ಫೈಬ್ರಿನ್ (ರಕ್ತದ ಹೆಪ್ಪಿನ ಎಳೆ) ಕರಗುವಾಗ ಉಳಿಯುವ ತುಣುಕೇ ಡಿ-ಡೈಮರ್. 2020ರಲ್ಲಿ ವುಹಾನ್‌ನ 191 ರೋಗಿಗಳ ಅಧ್ಯಯನದಲ್ಲಿ, ದಾಖಲಾಗುವಾಗಲೇ ಇದು 1 ಮೈಕ್ರೋಗ್ರಾಂ ದಾಟಿದ್ದವರಲ್ಲಿ ಸಾವಿನ ಅಪಾಯ ಬಹಳ ಹೆಚ್ಚಿತ್ತು. ಡಾಕ್ಟರು ಎಚ್ಚರದಿಂದಿರುವುದು ಅದಕ್ಕೇ. ಆದರೆ ಅದು ಒಂದು ಗುಂಪಿನ ಲೆಕ್ಕ, ನಿಮ್ಮ ತಂದೆಯವರ ಭವಿಷ್ಯವಲ್ಲ. ವಯಸ್ಸು, ಸೋಂಕು, ಇತ್ತೀಚಿನ ಆಪರೇಷನ್, ಕ್ಯಾನ್ಸರ್, ಲಿವರ್ ತೊಂದರೆ, ಇವುಗಳಿಂದಲೂ ಡಿ-ಡೈಮರ್ ಏರುತ್ತದೆ. ಒಂದು ಕಾಲು ಮಾತ್ರ ಊದಿ ಮೀನಖಂಡ ನೋವಾದರೆ, ಏದುಸಿರು ಹಠಾತ್ತನೆ ಹೆಚ್ಚಿದರೆ, ಆಕ್ಸಿಜನ್ 94ಕ್ಕಿಂತ ಕೆಳಗಿಳಿದರೆ ತಡಮಾಡದೆ ಡಾಕ್ಟರಿಗೆ ಹೇಳಿ. ಹೆಪ್ಪು ಇದೆಯೋ ಇಲ್ಲವೋ ಎಂದು ತೀರ್ಮಾನಿಸುವುದು ಕಾಲಿನ ಡಾಪ್ಲರ್ ಅಥವಾ ಎದೆಯ ಸಿಟಿ ಆಂಜಿಯೋ (ಎರಡೂ ರಕ್ತನಾಳದ ಸ್ಕ್ಯಾನ್).

ಡಿ-ಡೈಮರ್ ಒಂದನ್ನೇ ಹಿಡಿದು ಕೂರಬೇಡಿ. ಪ್ಲೇಟ್‌ಲೆಟ್, ಪಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಪರೀಕ್ಷೆ), ಫೈಬ್ರಿನೋಜನ್ (ಫೈಬ್ರಿನ್ ಆಗಿ ಬದಲಾಗುವ ರಕ್ತದ ಪ್ರೋಟೀನ್) ಮೂರನ್ನೂ ಜೊತೆಗಿಟ್ಟು ನೋಡಬೇಕು. ಎಲ್ಲರೂ ಎಡವುವುದು ಫೈಬ್ರಿನೋಜನ್‌ನಲ್ಲಿ. ಸೋಂಕಿನ ಆರಂಭದಲ್ಲಿ ಅದು ಏರುವುದು ಸಹಜ. 600 ಇದ್ದದ್ದು 250ಕ್ಕೆ ಬಂದರೆ ರಿಪೋರ್ಟ್‌ನಲ್ಲಿ ‘ನಾರ್ಮಲ್’ ಎಂದೇ ಇರುತ್ತದೆ, ಏಕೆಂದರೆ ಸಾಮಾನ್ಯ ಮಟ್ಟ 200ರಿಂದ 400 ಮಿಲಿಗ್ರಾಂ. ಅದರ ಜೊತೆಗೇ ಪ್ಲೇಟ್‌ಲೆಟ್ ಒಂದು ಲಕ್ಷದ ಕೆಳಗಿಳಿದು, ಪಿಟಿ ಮೂರು ಸೆಕೆಂಡಿಗಿಂತ ಹೆಚ್ಚು ಉದ್ದವಾದರೆ, ಹೆಪ್ಪುಗಟ್ಟಿಸುವ ಸಾಮಗ್ರಿಯೇ ಖರ್ಚಾಗುತ್ತಿದೆ ಎಂದರ್ಥ. ಅದು ಐಸಿಯು ಪರಿಸ್ಥಿತಿ.

ಪಿಟಿ ಒಂದೇ ಕೆಟ್ಟು ಉಳಿದದ್ದೆಲ್ಲ ಸರಿಯಿದ್ದರೆ ಮೊದಲು ಸ್ಯಾಂಪಲ್ಲನ್ನೇ ಅನುಮಾನಿಸಿ. ನೀಲಿ ಮುಚ್ಚಳದ ಟ್ಯೂಬ್‌ನಲ್ಲಿ ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರಾವಣ) ಇರಬೇಕು. ಗೆರೆಯವರೆಗೆ ರಕ್ತ ತುಂಬದಿದ್ದರೆ ಸಿಟ್ರೇಟ್ ಜಾಸ್ತಿಯಾಗಿ ಪಿಟಿ, ಎಪಿಟಿಟಿ (ಹೆಪ್ಪುಗಟ್ಟುವ ಸಮಯದ ಇನ್ನೊಂದು ಪರೀಕ್ಷೆ) ಎರಡೂ ಸುಳ್ಳೇ ಉದ್ದವಾಗುತ್ತವೆ. ಊರಿನ ಕಲೆಕ್ಷನ್ ಸೆಂಟರ್‌ನಲ್ಲಿ ಕೊಟ್ಟ ರಕ್ತ ಮಂಗಳೂರಿಗೆ ಹೋಗುವುದಾದರೆ ಎಷ್ಟು ಹೊತ್ತಿಗೆ ತಲುಪುತ್ತದೆ ಎಂದು ಕೇಳಿ. ಎಪಿಟಿಟಿಯನ್ನು ನಾಲ್ಕು ಗಂಟೆಯೊಳಗೆ ಮಾಡಬೇಕು.

ಆಸ್ಪಿರಿನ್ ನೀವಾಗಿ ಕೊಡಬೇಡಿ. ಆಸ್ಪತ್ರೆಗೆ ಸೇರಿದ ಕೋವಿಡ್ ರೋಗಿಗಳಲ್ಲಿ ಅದು ಸಾವನ್ನು ತಗ್ಗಿಸಲಿಲ್ಲ. ಅಲ್ಲಿ ಕೆಲಸಕ್ಕೆ ಬಂದದ್ದು ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಇಂಜೆಕ್ಷನ್. ಡೋಸ್ ಎಷ್ಟೆಂದು ಕಿಡ್ನಿಯ ಸ್ಥಿತಿ, ರಕ್ತಸ್ರಾವದ ಅಪಾಯ ನೋಡಿ ಡಾಕ್ಟರೇ ನಿರ್ಧರಿಸಬೇಕು. ಹೃದಯದ ತೊಂದರೆಗೆಂದು ತಂದೆಯವರು ಮೊದಲಿನಿಂದ ಆಸ್ಪಿರಿನ್ ತೆಗೆದುಕೊಳ್ಳುತ್ತಿದ್ದರೆ ಮಾತ್ರ, ಕೇಳದೆ ನಿಲ್ಲಿಸಬೇಡಿ. ಮಳೆಗಾಲದಲ್ಲಿ ಮನೆಯ ಬೇರೆಯವರಿಗೆ ಜ್ವರ ಬಂದಾಗ ‘ಇದೂ ಕೋವಿಡ್ಡೇ’ ಎಂದು ಅದೇ ಮಾತ್ರೆ ಕೊಡುವುದಂತೂ ಬೇಡವೇ ಬೇಡ. ಡೆಂಗಿಯಾಗಿದ್ದರೆ ಆಸ್ಪಿರಿನ್‌ನಿಂದ ರಕ್ತಸ್ರಾವವಾಗಬಹುದು. ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಕು.